ರಿಪೋರ್ಟ್ ಬಂದಿದೆ, ತೆರೆಯುತ್ತಿಲ್ಲವೇ?



ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ಪ್ರಯೋಗಾಲಯಕ್ಕೆ ಕಳಿಸಿದ್ದ ರೈತ ಮಹಿಳೆಯೊಬ್ಬರು ನನಗೆ ಫೋನ್ ಮಾಡಿದರು. "ಡಾಕ್ಟ್ರೇ, ರಿಪೋರ್ಟ್ ಮೊನ್ನೆಯೇ ಬಂದಿದೆ. ಒತ್ತಿದರೆ ದುಡ್ಡು ಕಟ್ಟಿ ಅಂತ ಯಾವುದೋ ಆ್ಯಪ್ ಬರುತ್ತೆ." ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಎಂದು ತಿಳಿಸುವ ರಿಪೋರ್ಟ್ ಅದು. ನಾನು ಕೊಡುತ್ತಿದ್ದ ಔಷಧ ಆ ರೋಗಾಣುವಿನ ಮೇಲೆ ಕೆಲಸ ಮಾಡುತ್ತಿರಲಿಲ್ಲ. ಎರಡು ದಿನ ವ್ಯರ್ಥವಾಯಿತು. ಒಂದು ಮೊಲೆಯಲ್ಲಿ ಹಾಲು ಮೊದಲಿನಂತೆ ಬರಲೇ ಇಲ್ಲ.

ಫೋನ್ ಹೇಗೆ ಆರಿಸುತ್ತದೆ?

ಕೃತಕ ಗರ್ಭಧಾರಣೆಯ ಸ್ಟ್ರಾ ಮೇಲೆ ಹೋರಿಯ ನಂಬರ್, ತಳಿ ಮುದ್ರಿಸಿರುತ್ತದೆ. ಅದನ್ನು ಓದಿಯೇ ಬಳಸುತ್ತೇವೆ. ಫೈಲಿಗೂ ಇಂಥದೇ ಗುರುತು ಇರುತ್ತದೆ. ಕಳಿಸುವ ಕಂಪ್ಯೂಟರ್ "ಇದು ಪಿಡಿಎಫ್", "ಇದು ಫೋಟೊ" ಎಂದು ಬ್ರೌಸರಿಗೆ ಹೇಳಿ ಕಳಿಸುತ್ತದೆ. ಆ ಗುರುತು ಸ್ಪಷ್ಟವಿಲ್ಲದಿದ್ದರೆ ಫೈಲ್ ಹೆಸರಿನ ಕೊನೆಯ ಭಾಗವನ್ನು ನೋಡಲಾಗುತ್ತದೆ. ಆ ಬಗೆಯ ಫೈಲ್ ತೆರೆಯಬಲ್ಲ ಆ್ಯಪ್ ಒಂದೇ ಇದ್ದರೆ ನೇರವಾಗಿ ತೆರೆಯುತ್ತದೆ. ಹಲವು ಇದ್ದರೆ ಫೋನ್ ನಿಮ್ಮನ್ನು ಕೇಳುತ್ತದೆ. ಒಂದೂ ಇಲ್ಲದಿದ್ದರೆ ತೆರೆಯಲಾಗದು ಎನ್ನುತ್ತದೆ.

ಕೇಳಿದಾಗ "ಒಮ್ಮೆ ಮಾತ್ರ", "ಯಾವಾಗಲೂ" ಎಂಬ ಎರಡು ಆಯ್ಕೆ ಕಾಣುತ್ತವೆ. ಆ ತಾಯಿ ಹಿಂದೊಮ್ಮೆ ಗೊತ್ತಿಲ್ಲದೆ "ಯಾವಾಗಲೂ" ಒತ್ತಿದ್ದರು. ಅಂದಿನಿಂದ ಪ್ರತಿ ಪಿಡಿಎಫ್ ಅದೇ ಆ್ಯಪಿಗೆ ಹೋಗುತ್ತಿತ್ತು.

ಸರಿಪಡಿಸುವುದು ಹೀಗೆ (ಫೋನಿನಿಂದ ಫೋನಿಗೆ ಹೆಸರು ತುಸು ಬೇರೆ ಇರಬಹುದು):

1. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ತೆರೆಯಿರಿ.
2. ತೊಂದರೆ ಕೊಡುವ ಆ್ಯಪ್ ಒತ್ತಿ, "ಡೀಫಾಲ್ಟ್ ಆಗಿ ತೆರೆ" ಎಂಬಲ್ಲಿಗೆ ಹೋಗಿ ಹಳೆಯ ಆಯ್ಕೆಯನ್ನು ತೆಗೆಯಿರಿ.
3. ರಿಪೋರ್ಟ್ ಮತ್ತೆ ಒತ್ತಿ. ಫೋನ್ ಕೇಳಿದಾಗ ಬೇಕಾದ ಆ್ಯಪ್ ಆರಿಸಿ, ಮೊದಲು "ಒಮ್ಮೆ ಮಾತ್ರ" ಒತ್ತಿ ನೋಡಿ.

ಎಚ್ಚರ!

ಹೆಸರಿನ ಕೊನೆಯಲ್ಲಿ "ಎಪಿಕೆ" ಎಂದಿದ್ದರೆ ಅದು ರಿಪೋರ್ಟ್ ಅಲ್ಲ, ಆ್ಯಪ್. ನಡುವೆ "ಪಿಡಿಎಫ್" ಎಂದು ಬರೆದಿದ್ದರೂ ಲೆಕ್ಕಕ್ಕೆ ಬರುವುದು ಕೊನೆಯದೇ. ಯೋಜನೆಯ ಹಣ, ವಾಹನದ ದಂಡ, ಮದುವೆ ಆಮಂತ್ರಣ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಇಂಥವು ಬರುತ್ತಿವೆ. ಒತ್ತಿದರೆ ಫೋನ್ "ಇನ್‌ಸ್ಟಾಲ್ ಮಾಡಲೇ?" ಎಂದು ಕೇಳುತ್ತದೆ. ಒಪ್ಪಿ ಅನುಮತಿ ಕೊಟ್ಟರೆ ನಿಮ್ಮ ಎಸ್ಸೆಮ್ಮೆಸ್, ಒಟಿಪಿ ಓದಬಲ್ಲದು. ಹಾಲಿನ ಬಟವಾಡೆ ಜಮೆಯಾಗುವ ಖಾತೆಯೇ ಖಾಲಿಯಾದೀತು.

ಓದುವ ಕಾಗದ ಯಾವತ್ತೂ ಇನ್‌ಸ್ಟಾಲ್ ಮಾಡಿ ಎಂದು ಕೇಳುವುದಿಲ್ಲ. ಕೇಳಿದರೆ "ರದ್ದು" ಒತ್ತಿ, ಫೈಲನ್ನು ಅಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಪ್ರಯೋಗಾಲಯದ ರಿಪೋರ್ಟ್ ತೆರೆಯದಿದ್ದರೆ ಸುಮ್ಮನಿರಬೇಡಿ. ಅದೇ ದಿನ ನಿಮ್ಮ ಪಶುವೈದ್ಯರಿಗೆ ಕಳಿಸಿ ಅಥವಾ ಸಂಘದ ಕಾರ್ಯದರ್ಶಿಯವರಿಗೆ ತೋರಿಸಿ. ಕೆಚ್ಚಲು ಬಾವು ನಮಗಾಗಿ ಕಾಯುವುದಿಲ್ಲ.