ನೆಗಡಿಯೂ ವ್ಯಾಯಾಮನಿಯಮವೂ

ನೆಗಡಿಯು ರೋಗಗಳಲ್ಲಿ ಅತ್ಯಲ್ಪವಾದುದು. ಆದರೆ ನಿಯಮಗಳನ್ನು ಕೆಡಿಸುವುದರಲ್ಲಿ ಅದಕ್ಕೆ ಸಮನಾದುದು ವಿರಳ. ತಿಂಗಳುಗಟ್ಟಲೆ ಬೆಳಗಿನ ಜಾವದಲ್ಲೆದ್ದು ದಂಡ, ಬಸ್ಕಿ, ಸೂರ್ಯನಮಸ್ಕಾರಗಳನ್ನು ರೂಢಿಸಿಕೊಂಡ ಹುಡುಗನು, ಮಾಗಿಯ ಚಳಿಯಲ್ಲಿ ಮೂಗು ಸೋರತೊಡಗಿದೊಡನೆ ಹೊದಿಕೆಯೊಳಗೆ ಸೇರುತ್ತಾನೆ. ನೆಗಡಿ ವಾರ ಹತ್ತು ದಿನಗಳಲ್ಲಿ ಹೋಗುತ್ತದೆ. ಅದರೊಡನೆ ಹೋದ ಅಭ್ಯಾಸ ಮಾತ್ರ ವರ್ಷವಾದರೂ ಮರಳುವುದಿಲ್ಲ. ಇದು ಒಂದು ಬಗೆಯ ತಪ್ಪು. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಉಂಟು. ಅದನ್ನು ಮಾಡಿದವನು ನಾನೇ ಆದುದರಿಂದ, ವಾಚಕರ ಮುಂದೆ ಅದನ್ನೇ ಮೊದಲು ನಿವೇದಿಸುತ್ತೇನೆ.

ಸುಮಾರು 20 ವರ್ಷಗಳ ಹಿಂದೆ ಪ್ರಸಾದನಿಲಯದ ಬೆಳಗಿನ ವ್ಯಾಯಾಮದ ಮೇಲ್ವಿಚಾರಣೆಯು ನನ್ನ ಪಾಲಿಗೆ ಬಂದಿತ್ತು. ಒಂದು ಮುಂಜಾನೆ ಒಂಬತ್ತನೆಯ ತರಗತಿಯ ಬಾಲಕನೊಬ್ಬನು, ‘ಮೈ ಬಿಸಿ ಆಗೇತ್ರೀ ಗುರುಗಳೆ, ಇವತ್ತು ಬ್ಯಾಡ್ರೀ’ ಎಂದನು. ‘ನೆಗಡಿಗೆ ಅಂಜುವವನು ಗರಡಿಗೆ ಹೇಗೆ ಇಳಿಯುತ್ತೀ? ಬೆವರು ಬಂದರೆ ಎಲ್ಲ ಹೋಗುತ್ತದೆ’ ಎಂದು ಗದರಿಸಿ ನಾನು ಅವನನ್ನು ಸಾಲಿನಲ್ಲಿ ನಿಲ್ಲಿಸಿದೆ. ಇಪ್ಪತ್ತು ಬಸ್ಕಿ ತುಂಬುವ ಮೊದಲೇ ಅವನು ಕಣ್ಣುಗತ್ತಲೆ ಬಂದು ಕುಸಿದನು. ವೈದ್ಯರು ಬಂದು ನೋಡಿದಾಗ ಜ್ವರ 102 ಡಿಗ್ರಿಯಿತ್ತು. ಎರಡು ವಾರ ಮಲಗಿ, ದೈವಕೃಪೆಯಿಂದ ಗುಣಮುಖನಾದನು. ನೋಡಲು ಬಂದ ಅವನ ತಂದೆ ನನ್ನನ್ನು ನಿಂದಿಸಲಿಲ್ಲ. ‘ಹುಡುಗ ನಿಮ್ಮ ಮಾತು ಮೀರೂದಿಲ್ರೀ, ಗುರುಗಳೆ’ ಎಂದಷ್ಟೇ ಹೇಳಿದರು. ನಿಂದೆಯಾಗಿದ್ದರೆ ಮರೆಯುತ್ತಿದ್ದೆನೇನೋ, ಆ ಮಾತನ್ನು ಮರೆಯಲಾಗಿಲ್ಲ.

ಆ ಬಳಿಕ ಪ್ರಾಚೀನ ವೈದ್ಯಗ್ರಂಥಗಳನ್ನು ತೆರೆದು ನೋಡಿದೆ. ವ್ಯಾಯಾಮವನ್ನು ಮುಕ್ತಕಂಠದಿಂದ ಹೊಗಳಿದ ಆಚಾರ್ಯರೇ ಅದರ ಎಲ್ಲೆಯನ್ನೂ ಗುರುತಿಸಿದ್ದಾರೆ. ಚರಕಸಂಹಿತೆಯ ಜ್ವರಚಿಕಿತ್ಸಾಪ್ರಕರಣವು ಹೊಸ ಜ್ವರದಲ್ಲಿ ವರ್ಜ್ಯವಾದವುಗಳನ್ನು ಎಣಿಸುವಾಗ ಹಗಲುನಿದ್ರೆ, ಸ್ನಾನ, ಅಭ್ಯಂಗ, ಕೋಪ, ಬೀಸುಗಾಳಿ ಇವುಗಳ ಸಾಲಿನಲ್ಲಿ ವ್ಯಾಯಾಮವನ್ನೂ ಸೇರಿಸಿದೆ. ಉಬ್ಬಸ ಕೆಮ್ಮುಗಳಿಂದ ಬಳಲುವವರು ವ್ಯಾಯಾಮವನ್ನು ಬಿಡಬೇಕೆಂದು ಸುಶ್ರುತನು ವಿಧಿಸಿದ್ದಾನೆ. ಬಲಿಷ್ಠನಾದವನು ಕೂಡ ಚಳಿಗಾಲ ಮತ್ತು ವಸಂತಗಳಲ್ಲಿ ತನ್ನ ಅರ್ಧಶಕ್ತಿಯಷ್ಟೇ, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ ವ್ಯಾಯಾಮ ಮಾಡಬೇಕೆಂಬುದು ಅಷ್ಟಾಂಗಹೃದಯದಲ್ಲಿ ವಾಗ್ಭಟನ ಮತ. ಅರ್ಧಶಕ್ತಿಯನ್ನು ಅಳೆಯುವುದು ಹೇಗೆ? ಎದೆಯೊಳಗಿನ ಉಸಿರು ಬಾಯಿಗೆ ಬರತೊಡಗಿದರೆ ಬಲದಲ್ಲಿ ಅರ್ಧ ವ್ಯಯವಾಯಿತೆಂದು ತಿಳಿಯಬೇಕೆಂಬುದು ಸುಶ್ರುತನು ಹೇಳಿದ ಲಕ್ಷಣ. ನಿರೋಗಿಗೇ ಇಷ್ಟು ಮಿತಿಯಿರುವಾಗ, ಪ್ರತಿಶ್ಯಾಯಪೀಡಿತನಿಗೆ ಇನ್ನೆಷ್ಟಿರಬೇಕು!

ಆಧುನಿಕ ವೈದ್ಯವಿಜ್ಞಾನವೂ ಇದೇ ದಾರಿಯಲ್ಲಿದೆ. ನೆಗಡಿಗೆ ಕಾರಣ ವೈರಸ್ಸುಗಳು. ಅವುಗಳಲ್ಲಿ ರೈನೋವೈರಸ್ ಪ್ರಮುಖವಾದುದು. ಅಮೆರಿಕೆಯ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 50 ಮಂದಿ ತರುಣ ತರುಣಿಯರಿಗೆ ರೈನೋವೈರಸ್ ಸೋಂಕನ್ನು ಬುದ್ಧಿಪೂರ್ವಕವಾಗಿ ತಗುಲಿಸಿ, ಒಂದು ಗುಂಪಿಗೆ ದಿನ ಬಿಟ್ಟು ದಿನ 40 ನಿಮಿಷಗಳ ಮಿತವ್ಯಾಯಾಮವನ್ನು ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ನೆಗಡಿಯ ತೀವ್ರತೆಯಲ್ಲಾಗಲಿ ಅವಧಿಯಲ್ಲಾಗಲಿ ಗಣನೀಯ ಭೇದ ಕಾಣಲಿಲ್ಲ. ಅಂದರೆ, ಸಾದಾ ನೆಗಡಿಯಲ್ಲಿ ಮಿತವ್ಯಾಯಾಮವು ಕೆಡಕು ಮಾಡದು; ಬೆವರು ನೆಗಡಿಯನ್ನು ಓಡಿಸಲೂ ಆರದು. ಹೊದಿಕೆಯೊಳಗಿನ ಹುಡುಗನ ನಂಬಿಕೆಯೂ ಅಂದಿನ ನನ್ನ ನಂಬಿಕೆಯೂ ಒಟ್ಟಿಗೆ ಬಿದ್ದವು. ಜ್ವರದ ಮಾತು ಬೇರೆ. ಕೆಲವು ವೈರಸ್ಸುಗಳು ಹೃದಯದ ಸ್ನಾಯುವಿಗೂ ಉರಿಯೂತವನ್ನು ತರಬಲ್ಲವು. ಅಂತಹ ಸಮಯದ ಕಠಿಣ ಶ್ರಮ ಪ್ರಾಣಾಪಾಯಕ್ಕೂ ಕಾರಣವಾಗಬಹುದು.

ಇಷ್ಟರಿಂದ ಆಚರಣೆಗೆ ಸುಲಭವಾದ ಕ್ರಮವೊಂದು ಹೊರಡುತ್ತದೆ. ಕೊರಳಿನಿಂದ ಮೇಲೆ ಮಾತ್ರ ತೊಂದರೆಯಿದ್ದರೆ, ಎಂದರೆ ಮೂಗು ಸೋರುವುದು, ಸೀನು, ಅಲ್ಪ ಗಂಟಲುಕೆರೆತ ಇಷ್ಟೇ ಇದ್ದರೆ, ನಿತ್ಯದ ಎಣಿಕೆಯನ್ನು ಅರ್ಧಕ್ಕಿಳಿಸಬೇಕು, ಇಲ್ಲವೆ ನಡಿಗೆಯೊಂದನ್ನೇ ಇಟ್ಟುಕೊಳ್ಳಬೇಕು. ಕುಸ್ತಿ ಮಾತ್ರ ಬೇಡ. ಅದು ಜೊತೆಯವನಿಗೂ ನೆಗಡಿಯನ್ನು ಹಂಚುತ್ತದೆ. ಜ್ವರ, ಮೈಕೈನೋವು, ಎದೆಯ ಕೆಮ್ಮು, ಉಬ್ಬಸ ಇವುಗಳಲ್ಲಿ ಒಂದಿದ್ದರೂ ಪೂರ್ಣ ವಿಶ್ರಾಂತಿಯೇ ವಿಹಿತ. ಔಷಧಿಯಿಲ್ಲದೆ ಜ್ವರವು ಒಂದು ದಿನವಾದರೂ ದೂರವಿದ್ದು, ಉಳಿದ ತೊಂದರೆಗಳೂ ತಗ್ಗಿದ ಮೇಲೆ ಹದಿನೈದು ನಿಮಿಷಗಳ ನಡಿಗೆಯಿಂದ ಆರಂಭಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹಿಂದಿನ ಪ್ರಮಾಣಕ್ಕೆ ಏರಬೇಕು. ಏರುವಾಗ ಎದೆನೋವು, ಎದೆಬಡಿತ, ತಲೆಸುತ್ತು ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ಹಾಗಾದರೆ ವಿಶ್ರಾಂತಿಯ ದಿನಗಳಲ್ಲಿ ನಿಯಮವು ಉಳಿಯುವುದೆಂತು? ಭಾರವನ್ನು ಇಳಿಸಬೇಕು, ಹೊತ್ತನ್ನು ಬಿಡಬಾರದು. ರಾತ್ರಿ ಬೇಗ ಮಲಗಿ ನಿದ್ರೆ ತುಂಬಿಸಿಕೊಂಡು, ಜ್ವರವಿಳಿದವನು ಅದೇ ಹೊತ್ತಿಗೆ ಎದ್ದು, ಬಿಸಿನೀರು ಕುಡಿದು, ಬೆಚ್ಚಗೆ ಕುಳಿತಿದ್ದರೂ ಸಾಕು; ಆ ಹೊತ್ತು ಅವನದಾಗಿಯೇ ಉಳಿಯುತ್ತದೆ.

ಅಧ್ಯಾಪಕಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಹುಡುಗನು ‘ಇಂದು ಒಲ್ಲೆ’ ಎಂದಾಗ ಅವನ ಹಣೆಯನ್ನು ಮುಟ್ಟಿ ನೋಡಿ, ಅನಂತರ ಮಾತನಾಡಿರಿ. ಊರೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಮಾಗಿಯಲ್ಲಿ ಕೈಬಿಟ್ಟ ಅಭ್ಯಾಸವನ್ನು ಹದಿನೈದು ನಿಮಿಷಗಳಿಂದ ಮರಳಿ ಹಿಡಿಯಲಿ. ವ್ಯಾಯಾಮಸಾಮಗ್ರಿಯನ್ನಿತ್ತ ಉದಾರಿಗಳಾದ ದಾನಿಗಳು ಅದರ ಪಕ್ಕದಲ್ಲಿ ಒಂದು ಜ್ವರಮಾಪಕವನ್ನೂ ಇರಿಸಿದರೆ ಆ ದಾನವು ಸಂಪೂರ್ಣವಾದೀತು. ಅಂದು ನನ್ನ ಕೈಯಲ್ಲಿ ಅದಿರಲಿಲ್ಲ. ಅಂಗೈಯಂತೂ ಇತ್ತು, ನಾನದನ್ನು ಚಾಚಲಿಲ್ಲ.