ಗಾಯಗೊಂಡ ಬೆಕ್ಕಿನ ಆರೈಕೆ

ಬೆಕ್ಕು ನಮ್ಮ ನಾಡಿನ ಮನೆಗಳಿಗೆ ಹಳೆಯ ನಂಟು. ಕಣಜದ ಧಾನ್ಯವನ್ನೂ ಅಟ್ಟದ ಮೇಲಿನ ಬಟ್ಟೆಬರೆಗಳನ್ನೂ ಇಲಿಗಳಿಂದ ಕಾಯುವ ಈ ಪ್ರಾಣಿ ಕೂಲಿಯನ್ನು ಬೇಡುವುದಿಲ್ಲ. ಹೊಟ್ಟೆಗೆ ಒಂದಿಷ್ಟು ದೊರೆತರೆ ಒಲೆಯ ಬದಿಯಲ್ಲಿ ಸುಖವಾಗಿ ಮಲಗುತ್ತದೆ. ಆದರೂ ಹಸುವಿಗೆ ಕಾಯಿಲೆಯಾದರೆ ಪಶುವೈದ್ಯರನ್ನು ಕರೆತರುವ ಮನೆಯವರು, ಬೆಕ್ಕಿನ ಕಾಲು ಮುರಿದಾಗ 'ತಾನಾಗಿಯೇ ವಾಸಿಯಾಗುತ್ತದೆ ಬಿಡಿ' ಎಂದು ಸುಮ್ಮನಾಗುವುದುಂಟು. ಇದಕ್ಕೆ ಯಾವಾಗಲೂ ಕಲ್ಲೆದೆಯೇ ಕಾರಣವಲ್ಲ. ಹಸುವಿಗೆ ಮಾಡಿದ ವೆಚ್ಚ ಹಾಲಿನ ರೂಪದಲ್ಲಿ ಹಿಂದಿರುಗುತ್ತದೆ; ಬೆಕ್ಕಿಗೆ ಮಾಡಿದ ವೆಚ್ಚ ಹಿಂದಿರುಗುವುದಿಲ್ಲ. ದಿನಗೂಲಿಯಿಂದ ಬದುಕುವವರು ಈ ಲೆಕ್ಕವನ್ನು ಮರೆಯುವಂತಿಲ್ಲ. ಹಾಗಾದರೆ ಹಣವಿಲ್ಲದವರ ಮನೆಯ ಮೂಕಪ್ರಾಣಿಗೆ ಚಿಕಿತ್ಸೆಯೇ ಇಲ್ಲವೆ? ಉಂಟು. ಆದರೆ ಅದಕ್ಕೆ ಹಣಕ್ಕಿಂತ ಮೊದಲು ತಿಳಿವಳಿಕೆ ಬೇಕು.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆ ಮಂಡಿಯಲ್ಲಿ ಹಮಾಲಿ. ತಾಯಿ ಮನೆಯಲ್ಲಿಯೇ ಬಟ್ಟೆ ಹೊಲಿಯುತ್ತಾಳೆ. ತಿಂಗಳ ಕೊನೆಯ ವಾರ. ಅವರ ಬೆಕ್ಕು ರಸ್ತೆ ದಾಟುವಾಗ ವಾಹನಕ್ಕೆ ಸಿಕ್ಕಿ, ಹಿಂಗಾಲನ್ನು ಎಳೆಯುತ್ತ ಬಂದು ಮಂಚದ ಕೆಳಗೆ ಅಡಗಿಕೊಂಡಿದೆ. ಮನೆಯಲ್ಲಿರುವುದು 500 ರೂಪಾಯಿ ಮಾತ್ರ. ಈಗ ಅವರು ಮಾಡಬೇಕಾದುದೇನು?

ಮೊದಲನೆಯದಾಗಿ ಗಾಬರಿಗೊಳ್ಳಬಾರದು. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ, ಪರಚುತ್ತದೆ. ಅದಕ್ಕೆ ಕಾರಣ ಹಗೆಯಲ್ಲ, ಭಯ. ಆದುದರಿಂದ ದಪ್ಪನೆಯ ಬಟ್ಟೆಯನ್ನು ಮೆಲ್ಲನೆ ಹೊದಿಸಿ, ಬೆನ್ನು ಸೊಂಟಗಳನ್ನು ಆದಷ್ಟು ಅಲುಗಿಸದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಗೋ ಬುಟ್ಟಿಗೋ ಸರಿಸಬೇಕು. ರಕ್ತ ಸೋರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ 5 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಮುರಿದ ಮೂಳೆಯನ್ನು ಎಳೆದು ನೇರಮಾಡುವ ಸಾಹಸಕ್ಕೆ ಹೋಗಬಾರದು. ಬಾಯಿ ತೆರೆದು ಏದುಸಿರು ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂತ್ರ ಕಟ್ಟಿಕೊಳ್ಳುವುದು ಇವು ಪ್ರಾಣಾಪಾಯದ ಚಿಹ್ನೆಗಳು. ಇವು ಕಂಡರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಹುಡುಕಬೇಕು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ, ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬೀಸ್ ಲಸಿಕೆಯ ವಿಷಯವಾಗಿ ತಡಮಾಡದೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಬೇಕು.

ಹಣ ಉಳಿಸಬೇಕೆಂಬ ಆತುರದಲ್ಲಿ ನಾವು ಎಸಗುವ ದೊಡ್ಡ ಅನಾಹುತವೆಂದರೆ ಮನೆಯಲ್ಲಿರುವ ಮಾತ್ರೆಯನ್ನು ಬೆಕ್ಕಿಗೆ ನುಂಗಿಸುವುದು. ಜ್ವರಕ್ಕೂ ಮೈಕೈ ನೋವಿಗೂ ನಾವು ಸೇವಿಸುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಮನುಷ್ಯನ ಪಿತ್ತಜನಕಾಂಗ ಈ ಔಷಧವನ್ನು ನಿರಪಾಯಕರವಾಗಿ ಮಾರ್ಪಡಿಸಿ ಹೊರಹಾಕಬಲ್ಲದು. ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ಶಕ್ತಿ ತೀರ ಕಡಿಮೆ. ಅದರಿಂದ ರಕ್ತವು ಪ್ರಾಣವಾಯುವನ್ನು ಹೊರುವ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ. ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ನೆಲ ತೊಳೆಯುವ ಫಿನಾಯಿಲನ್ನು ಗಾಯಕ್ಕೆ ಹಚ್ಚುವುದೂ ಅಷ್ಟೇ ಅಪಾಯಕರ. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿಯಾದುದರಿಂದ, ಮೈಗೆ ಹಚ್ಚಿದ್ದೆಲ್ಲವೂ ಹೊಟ್ಟೆಗೆ ಸೇರುತ್ತದೆ.

ಇನ್ನು ಬೆಕ್ಕನ್ನು ಎಲ್ಲಿಗೆ ಕೊಂಡೊಯ್ಯಬೇಕು? ಪಶು ಆಸ್ಪತ್ರೆ ಇರುವುದು ದನಕರುಗಳಿಗೆ ಮಾತ್ರ ಎಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ರಾಜ್ಯದ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಲ್ಲಿ ನಾಯಿ ಬೆಕ್ಕುಗಳಿಗೂ ಚಿಕಿತ್ಸೆ ದೊರೆಯುತ್ತದೆ. ಕೆಲವು ಔಷಧಗಳನ್ನು ಮಾತ್ರ ಹೊರಗೆ ಕೊಳ್ಳಬೇಕಾಗಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನಲ್ಲಿಯೂ, ಬೀದರ್, ಶಿವಮೊಗ್ಗ, ಹಾಸನಗಳ ಕಾಲೇಜುಗಳಲ್ಲಿಯೂ ಬೋಧನಾ ಆಸ್ಪತ್ರೆಗಳಿವೆ. ಅಲ್ಲಿ ನುರಿತ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆಯನ್ನು ಕಲಿಯುತ್ತಾರೆ. ದೊಡ್ಡ ನಗರಗಳಲ್ಲಿ ಪ್ರಾಣಿದಯಾ ಸಂಸ್ಥೆಗಳೂ ಉಂಟು. ಆದರೆ ಅವುಗಳ ಮೊದಲ ಹೊಣೆ ಒಡೆಯರಿಲ್ಲದ ಪ್ರಾಣಿಗಳದು. ಎಲ್ಲಿಗೆ ಹೋಗುವುದಾದರೂ ವೈದ್ಯರು ಇರುವ ವೇಳೆಯನ್ನೂ, ಎಕ್ಸ್-ರೇ ಸೌಲಭ್ಯ ಇದೆಯೇ ಎಂಬುದನ್ನೂ ಮೊದಲೇ ವಿಚಾರಿಸಿಕೊಂಡರೆ ವೃಥಾ ಆಟೋ ಬಾಡಿಗೆ ಉಳಿಯುತ್ತದೆ.

ವೈದ್ಯರ ಮುಂದೆ ಬಡತನವನ್ನು ಮುಚ್ಚಿಡುವುದು ತರವಲ್ಲ. ನಮ್ಮ ಕಥೆಯ ತಾಯಿ ಹೀಗೆ ಕೇಳಿದಳೆನ್ನೋಣ: "ಡಾಕ್ಟರೇ, ನಮ್ಮ ಹತ್ತಿರ ಇರುವುದು ಇಷ್ಟೇ ಹಣ. ಈಗಲೇ ಆಗಬೇಕಾದದ್ದು ಯಾವುದು, ನಾಲ್ಕು ದಿನ ತಡೆಯಬಹುದಾದದ್ದು ಯಾವುದು, ದಯವಿಟ್ಟು ತಿಳಿಸಿ." ವೈದ್ಯರು ಹೇಳಿಯಾರು: "ಮೊದಲೇ ಹೇಳಿದ್ದು ಒಳ್ಳೆಯದಾಯಿತಮ್ಮ. ನೋವು ತಗ್ಗಿಸುವ ಚುಚ್ಚುಮದ್ದು ಈಗಲೇ ಬೇಕು. ಒಂದು ಎಕ್ಸ್-ರೇ ತೆಗೆಸಿ ನೋಡೋಣ. ಸೊಂಟದ ಮೂಳೆ ಮುರಿದರೂ ಎಷ್ಟೋ ಸಲ ಶಸ್ತ್ರಚಿಕಿತ್ಸೆಯಿಲ್ಲದೆ ಕೂಡಿಕೊಳ್ಳುತ್ತದೆ. ಆದರೆ ಅದನ್ನು ಓಡಾಡಲು ಬಿಡಬಾರದು." ಈ ಒಂದು ಪ್ರಶ್ನೆಯಿಂದ, ದೊಡ್ಡ ಮೊತ್ತಕ್ಕೆ ಹೆದರಿ ಹಿಂದಿರುಗಬೇಕಾಗಿದ್ದವಳಿಗೆ ಒಂದು ದಾರಿ ದೊರೆಯಿತು.

ಆ ದಾರಿಯಲ್ಲಿ ಹಣಕ್ಕಿಂತ ಹೆಚ್ಚಾಗಿ ಸಹನೆ ಖರ್ಚಾಗುತ್ತದೆ. ಇಂಥ ಮುರಿತಕ್ಕೆ ವೈದ್ಯರು ಸಾಮಾನ್ಯವಾಗಿ 4ರಿಂದ 6 ವಾರಗಳ ವಿಶ್ರಾಂತಿಯನ್ನು ಹೇಳುತ್ತಾರೆ. ಒಂದು ದೊಡ್ಡ ಮರದ ಪೆಟ್ಟಿಗೆಗೆ ಜಾಲರಿ ಹೊಡೆದರೆ ಅದೇ ಗೂಡಾಗುತ್ತದೆ; ಹಳೆಯ ಸೀರೆ ಹಾಸಿಗೆಯಾಗುತ್ತದೆ; ಅಗಲವಾದ ತಟ್ಟೆಯಲ್ಲಿ ಮರಳು ಹಾಕಿದರೆ ಮಲಮೂತ್ರಕ್ಕೆ ಅನುಕೂಲ. ಬೆಕ್ಕು ದಿನವೂ ಮೂತ್ರ ಮಾಡಿತೇ, ಆಹಾರ ತಿಂದಿತೇ ಎಂಬುದನ್ನು ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಬೆಕ್ಕಿಗೆ ಉಪವಾಸ ಆಗದು. ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ ಅದರ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಹೊಸ ಕಾಯಿಲೆ ತಲೆದೋರಬಹುದು. ಆದುದರಿಂದ ಒಂದು ದಿನ ಪೂರ್ತಿ ಆಹಾರ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಬೇಕು.

ಎಲ್ಲ ಗಾಯಗಳೂ ವಾಸಿಯಾಗುವುದಿಲ್ಲವೆಂಬುದೂ ಸತ್ಯ. ಬೆನ್ನುಹುರಿ ಪೂರ್ಣ ಕಡಿದುಹೋಗಿ, ನೋವು ತೀರುವ ಆಸೆಯೇ ಇಲ್ಲದಾಗ, ವೈದ್ಯರು ನೋವಿಲ್ಲದ ಸಾವನ್ನು ಸೂಚಿಸಬಹುದು. ಅದು ದುಃಖದ ನಿರ್ಧಾರ. ಆದರೆ ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರುವುದಕ್ಕಿಂತ ಅದು ಎಷ್ಟೋ ದಯಾಪರವಾದುದು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಜೀವಿಗಳಲ್ಲಿ ಅನುಕಂಪ ತೋರುವುದು ಪ್ರಜೆಗಳ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನದಲ್ಲಿಯೂ ಸೇರಿಸಲಾಗಿದೆ.

ಈ ಕರ್ತವ್ಯವನ್ನು ಹಣವಂತರಿಗೆ ಮಾತ್ರ ವಿಧಿಸಿಲ್ಲ. ಸಮೀಪದ ಪಶು ಆಸ್ಪತ್ರೆಯ ವಿಳಾಸವನ್ನೂ ಅದರ ವೇಳೆಯನ್ನೂ ತಿಳಿದಿರುವುದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಬೆಕ್ಕಿನ ಅಲೆದಾಟವನ್ನು ತಗ್ಗಿಸುವುದು, ಡಬ್ಬಿಯೊಂದರಲ್ಲಿ ವಾರಕ್ಕೆ ಹತ್ತು ರೂಪಾಯಿ ಕೂಡಿಡುವುದು ಇವು ವಿದ್ಯಾರ್ಥಿಗಳೂ ಮುಂದೆ ನಿಂತು ನಡೆಸಬಹುದಾದ ಕೆಲಸಗಳು. ಪ್ರಾಣಿ ತನ್ನ ನೋವನ್ನು ಮಾತಿನಲ್ಲಿ ಹೇಳಲಾರದು. ಅದರ ಪರವಾಗಿ ವೈದ್ಯರ ಬಳಿ ಸಕಾಲದಲ್ಲಿ ಮಾತನಾಡುವ ಹೊಣೆ ಅದನ್ನು ಸಾಕಿದ ನಮ್ಮದು.