ದೋಣಿಯ ಪೆಟ್ಟಿಗೆಯಲ್ಲಿ ಏನಿರಬೇಕು?

ಕಾಳಿ ಅಳಿವೆಯಲ್ಲಿ ಔಟ್‌ಬೋರ್ಡ್ ದೋಣಿ ಓಡಿಸುವ ನಿಮಗೆ ಮೊದಲ ಮಾತು: ನೀರಿನ ಮೇಲೆ ಕೈಯಾರೆ ಬದಲಿಸಲಾಗುವ ಭಾಗಗಳನ್ನಷ್ಟೇ ಜೊತೆಗೊಯ್ಯಿರಿ. ಕೂಲಿಂಗ್ ಪಂಪಿಗೆ ಹೊಸ ಇಂಪೆಲ್ಲರ್ ಕೊಂಡಿಡುವುದು ಒಳ್ಳೆಯದೇ. ಆದರೆ ಅದನ್ನು ಹಾಕಲು ಎಂಜಿನ್ನಿನ ಕೆಳಭಾಗವನ್ನೇ ಬಿಚ್ಚಬೇಕು. ಅದು ದಡದ ಕೆಲಸ, ಮಳೆಗಾಲದಲ್ಲಿ ದೋಣಿ ಮೇಲೆಳೆದಾಗ ಮಾಡಿಸಿ. ಓಡಿಸುವಾಗ ಎಂಜಿನ್ನಿನಿಂದ ಹೊರಚಿಮ್ಮುವ ಸಣ್ಣ ನೀರಿನ ಧಾರೆಯ ಮೇಲೆ ಕಣ್ಣಿಡಿ. ಅದು ನಿಂತರೆ ಕೂಡಲೇ ಎಂಜಿನ್ ಆರಿಸಿ, ನೀರೆಳೆಯುವ ಜಾಲರಿಗೆ ಪ್ಲಾಸ್ಟಿಕ್ ಅಂಟಿದೆಯೇ ನೋಡಿ.

ಇಂಧನದ ತೊಂದರೆಯನ್ನು ಹಗುರವಾಗಿ ಎಣಿಸಬೇಡಿ. 20% ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ; ನೀರು ಬೇರ್ಪಡಿಸುವ ಫಿಲ್ಟರ್ ಒಂದು ಹೆಚ್ಚಿಗೆ ಇರಲಿ. ಸ್ಪಾರ್ಕ್ ಪ್ಲಗ್, ಅದರ ಸ್ಪ್ಯಾನರ್, ಫ್ಯೂಸ್, ಸ್ಟಾರ್ಟರ್ ಹಗ್ಗ, ಕಿಲ್ ಸ್ವಿಚ್ಚಿನ ಬದಲಿ ಕ್ಲಿಪ್ ಸಾಕು.

ಪ್ರೊಪೆಲ್ಲರಿನ ನಟ್ಟು, ಕಾಟರ್ ಪಿನ್ ಮಾತ್ರ ಎರಡೆರಡು ಬೇಕು. ಬಲೆಯ ತುಂಡು ಸುತ್ತಿಕೊಂಡರೆ ಪ್ರೊಪೆಲ್ಲರ್ ಬಿಚ್ಚಬೇಕಾದೀತು, ಆಗ ಒದ್ದೆ ಬೆರಳಿನಿಂದ ಜಾರಿ ಮುಳುಗುವುದು ಆ ಪಿನ್ನೇ. ಸ್ಪ್ಯಾನರ್, ಇಕ್ಕಳಗಳಿಗೆ ದಾರ ಕಟ್ಟಿ, ಎಣ್ಣೆ ಸವರಿ ಮುಚ್ಚಿದ ಡಬ್ಬದಲ್ಲಿಡಿ. ಡಬ್ಬ ತೆರೆಯುವ ಮೊದಲು ಲಂಗರು ಇಳಿಸಿ. ಇಳಿತದ ಸೆಳೆತ ದೋಣಿಯನ್ನು ಸೇತುವೆ ದಾಟಿಸಿ ಕಡಲಿಗೇ ಒಯ್ಯಬಲ್ಲದು.